ಹಲಸಿಗೆ ರೊಟ್ಟಿಯ ಹೆಸರು

ಹಲಸಿನ ಹಣ್ಣನ್ನು ಕೇಳಿ ಕೊಳ್ಳಬೇಕಾದರೆ ಊರಿಗೊಂದು ಮಾತು ಬೇಕು. ಮುಂಬಯಿ, ಪುಣೆಗಳಲ್ಲಿ ಅದು ಫಣಸ, ಚೆನ್ನೈಯಲ್ಲಿ ಪಲಾ, ಹೈದರಾಬಾದಿನಲ್ಲಿ ಪನಸ, ದೆಹಲಿಯಲ್ಲಿ ಕಟಹಲ್. ಇಂಗ್ಲಿಷಿನ ‘ಜ್ಯಾಕ್’ ಎಂಬುದೂ ಮಲೆಯಾಳದ ‘ಚಕ್ಕ’ವೇ, ಪೋರ್ಚುಗೀಸರ ಬಾಯಲ್ಲಿ ‘ಜಾಕ’ ಆಗಿ ಅಲ್ಲಿಗೆ ಹೋಯಿತು. ಸಸ್ಯಶಾಸ್ತ್ರದಲ್ಲಿ ಮಾತ್ರ ಎಲ್ಲ ದೇಶಕ್ಕೂ ಒಂದೇ ಹೆಸರು: ಆರ್ಟೊಕಾರ್ಪಸ್ ಹೆಟಿರೊಫಿಲ್ಲಸ್. ನಾಲಗೆ ತೊಡರುವ ಈ ಹೆಸರನ್ನು ಬಿಡಿಸಿ ನೋಡೋಣ.

ಗಿಡಗಳಿಗೆ ಎರಡು ಪದಗಳ ಹೆಸರನ್ನು ರೂಢಿಗೆ ತಂದವನು ಸ್ವೀಡನ್ನಿನ ಲಿನೇಯಸ್. ಅದಕ್ಕೆ ತಳಹದಿಯಾದ ಅವನ ಗ್ರಂಥ ಹೊರಬಂದದ್ದು 1753ರಲ್ಲಿ. ಮೊದಲನೆಯ ಪದ ಕುಲವನ್ನು ಹೇಳುತ್ತದೆ, ಎರಡನೆಯದು ಆ ಕುಲದೊಳಗೆ ಇಂಥದೆಂದು ಗುರುತಿಸುತ್ತದೆ.

ಗ್ರೀಕ್ ಭಾಷೆಯಲ್ಲಿ ‘ಆರ್ಟೋಸ್’ ಎಂದರೆ ರೊಟ್ಟಿ, ‘ಕಾರ್ಪೋಸ್’ ಎಂದರೆ ಹಣ್ಣು. ಹಲಸಿಗೂ ರೊಟ್ಟಿಗೂ ಏನು ನಂಟು? ಈ ಕುಲನಾಮ ಹುಟ್ಟಿದ್ದು ಹಲಸಿನಿಂದಲ್ಲ. 1772ರಿಂದ 1775ರವರೆಗೆ ನಡೆದ ಕ್ಯಾಪ್ಟನ್ ಕುಕ್ಕನ ಎರಡನೆಯ ಯಾನದಲ್ಲಿ ಫಾರ್ಸ್ಟರ್ ಎಂಬ ಜರ್ಮನ್ ತಂದೆಮಕ್ಕಳು ಇದ್ದರು. ಪೆಸಿಫಿಕ್ ದ್ವೀಪಗಳ ಜನ ಸುಟ್ಟು ತಿನ್ನುವ, ರೊಟ್ಟಿಯಂಥ ತಿರುಳಿನ ಕಾಯಿಯ ಮರಕ್ಕೆ ಅವರು ಈ ಹೆಸರಿಟ್ಟರು. ಹಲಸು ಅದರ ಹತ್ತಿರದ ಬಂಧುವಾದ್ದರಿಂದ ಅದಕ್ಕೂ ಅದೇ ಕುಲನಾಮ ಸಂದಿತು.

ಸ್ವಾರಸ್ಯವೆಂದರೆ, ಆ ರೊಟ್ಟಿಹಣ್ಣಿನ ಮರವನ್ನು ಕನ್ನಡಿಗರು ಕರೆದದ್ದು ‘ದೀವಿಹಲಸು’ ಎಂದು. ದೀವಿ ಎಂದರೆ ದ್ವೀಪ. ರೊಟ್ಟಿ ತಿನ್ನುವವರು ಹೊಸ ಹಣ್ಣಿನಲ್ಲಿ ರೊಟ್ಟಿಯನ್ನು ಕಂಡರು. ಹಲಸು ತಿಂದ ನಾವು ಅದರಲ್ಲೇ ಹಲಸನ್ನು ಕಂಡೆವು. ಅರಿಯದುದನ್ನು ಅರಿತುದರಿಂದ ಕರೆಯುವುದು ಪಂಡಿತ ಪಾಮರರಿಬ್ಬರ ಕ್ರಮವೂ ಹೌದು. ಇಬ್ಬರೂ ಎರಡು ಮರಗಳ ನಂಟನ್ನು ಸರಿಯಾಗಿಯೇ ಗುರುತಿಸಿದ್ದರು.

ಇನ್ನು ‘ಹೆಟಿರೊಫಿಲ್ಲಸ್’ ಎಂದರೆ ಬೇರೆಬೇರೆ ಎಲೆಯುಳ್ಳದ್ದು. 1789ರಲ್ಲಿ ಇದನ್ನು ಕೊಟ್ಟವನು ಫ್ರಾನ್ಸಿನ ಲಮಾರ್ಕ್. ಬೆಳೆದ ಹಲಸಿನ ಎಲೆಗೆ ಸೀಳಿಲ್ಲ. ಎಳೆಯ ಸಸಿಯಲ್ಲಿ ಸೀಳಿದ ಎಲೆಗಳೂ ಇರುವುದುಂಟು. ಬೀಜವೊಂದನ್ನು ಡಬ್ಬಿಯ ಮಣ್ಣಿನಲ್ಲಿ ಊರಿದರೆ ನಾವೇ ಪರೀಕ್ಷಿಸಬಹುದು.

ಪಶ್ಚಿಮ ಘಟ್ಟದ ಹೆಬ್ಬಲಸು ‘ಆರ್ಟೊಕಾರ್ಪಸ್ ಹಿರ್ಸೂಟಸ್’; ಹಿರ್ಸೂಟಸ್ ಎಂದರೆ ರೋಮವುಳ್ಳದ್ದು. ಹಲಸು, ಹೆಬ್ಬಲಸು, ದೀವಿಹಲಸು: ಕುಲಕ್ಕೊಂದು ಪದ, ಗುರುತಿಗೊಂದು ಪದ ಎಂಬ ಕ್ರಮ ನಮ್ಮ ಹಳ್ಳಿಗರ ಮಾತಿನಲ್ಲಿಯೂ ಇದೆ. ಆದುದರಿಂದ ಉದ್ಯಾನಗಳಲ್ಲಿ ಮರಕ್ಕೆ ತಗುಲಿಸಿದ ಲ್ಯಾಟಿನ್ ಫಲಕವನ್ನು ಕಂಡು ನಾವು ಹಿಂಜರಿಯಬೇಕಾದುದಿಲ್ಲ. ಯಾವ ಕುಲ, ಏನು ಗುರುತು ಎಂಬ ಎರಡು ಪ್ರಶ್ನೆ ಕೇಳಿಕೊಂಡರೆ ಅರ್ಧ ಪಾಠ ಅಲ್ಲಿಯೇ ಮುಗಿಯಿತು.