ಅಡ್ಡಹೆಸರು ಅಂಕಿತನಾಮವಾಗುವ ಬಗೆ: ಹಳಿಯಾಳ ಸೀಮೆಯ ಒಂದು ನಿದರ್ಶನ

ಅಡ್ಡಹೆಸರು ಮನೆತನವನ್ನೂ ಅಂಕಿತನಾಮ ವ್ಯಕ್ತಿಯನ್ನೂ ಗುರುತಿಸುತ್ತವೆ ಎಂಬುದು ಸಾಮಾನ್ಯ ಗ್ರಹಿಕೆ. ಕನ್ನಡ, ಮರಾಠಿ, ಕೊಂಕಣಿಗಳು ಕೂಡಿ ಬಾಳುವ ಹಳಿಯಾಳ ಸೀಮೆಯಲ್ಲಿ ಈ ಗೆರೆ ಅಳಿಸಿಹೋಗುವುದುಂಟು. ಗೋವೆಗೆ ಸಮೀಪದ ಈ ಭಾಗದ ಕ್ರೈಸ್ತರಲ್ಲಿ ರೂಢಿಯಲ್ಲಿರುವ 'ಕ್ಸೇವಿಯರ್' ಎಂಬ ಹೆಸರನ್ನು ಇಲ್ಲಿ ಪರಿಶೀಲಿಸಬಹುದು.

1542ರಲ್ಲಿ ಗೋವೆಗೆ ಬಂದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಅಂಕಿತನಾಮ ಫ್ರಾನ್ಸಿಸ್. ಕ್ಸೇವಿಯರ್ ಎಂಬುದು ಅವರು 1506ರಲ್ಲಿ ಜನಿಸಿದ, ಇಂದಿನ ಸ್ಪೇನಿನ ನವಾರ್ ಪ್ರಾಂತದ ಕೋಟೆಮನೆಯ ಹೆಸರು. ಬಾಸ್ಕ್ ಭಾಷೆಯಲ್ಲಿ ಅದರ ಮೂಲಾರ್ಥ 'ಹೊಸ ಮನೆ'. ಉತ್ತರ ಕರ್ನಾಟಕದ 'ಹೊಸಮನಿ' ಎಂಬ ಅಡ್ಡಹೆಸರಿನ ಅರ್ಥವೂ ಅದೇ. ಆದರೂ ತೊಟ್ಟಿಲ ಮಗುವಿಗೆ ಹೊಸಮನಿ ಎಂದು ಸಾಮಾನ್ಯವಾಗಿ ಹೆಸರಿಡುವುದಿಲ್ಲ. ಅರ್ಥ ಸಮಾನವಾಗಿದ್ದರೂ ಒಂದು ಹೆಸರು ತೊಟ್ಟಿಲನ್ನೇರಿತು. ಇನ್ನೊಂದು ಮನೆತನದಲ್ಲೇ ಉಳಿಯಿತು.

ನೆಹರು ಎಂಬ ಹೆಸರಿನ ಗತಿಯೂ ಇಂಥದೇ. 'ನಹರ್' ಎಂದರೆ ಕಾಲುವೆ. ದೆಹಲಿಯಲ್ಲಿ ಕಾಲುವೆಯ ದಡದಲ್ಲಿ ವಾಸಿಸಿದ್ದರಿಂದ ಕೌಲ್ ಮನೆತನಕ್ಕೆ ಆ ಹೆಸರು ಬಂದಿತೆಂದು ಜವಾಹರಲಾಲರ ಆತ್ಮಕಥೆ ತಿಳಿಸುತ್ತದೆ. ಮುಂಡಗೋಡಕ್ಕೆ ನೆರೆಯ ಹಾವೇರಿ ಜಿಲ್ಲೆಯಲ್ಲಿ ಅದು ಅಂಕಿತನಾಮವಾಯಿತು. 2008 ಮತ್ತು 2018ರಲ್ಲಿ ಹಾವೇರಿ ಕ್ಷೇತ್ರದಿಂದ ಶಾಸಕರಾಗಿ ಆಯ್ಕೆಯಾದ ನೆಹರು ಓಲೇಕಾರ ಅವರ ಹೆಸರು ಇದಕ್ಕೆ ಸಾಕ್ಷಿ.

ಇಲ್ಲಿ ತಂದೆತಾಯಿಗಳು ಆರಿಸಿಕೊಳ್ಳುವುದು ಕಾಲುವೆಯನ್ನಲ್ಲ, ಹೊಸ ಮನೆಯನ್ನೂ ಅಲ್ಲ. ಒಬ್ಬ ವ್ಯಕ್ತಿಯ ಸ್ಮರಣೆಯನ್ನು. ಒಂದು ವಂಶದ ಸೊತ್ತಾಗಿದ್ದ ಹೆಸರು ಹೀಗೆ ರಕ್ತಸಂಬಂಧವಿಲ್ಲದ ಮನೆಗಳಿಗೂ ದಕ್ಕುತ್ತದೆ. ಆದುದರಿಂದ ಹಳಿಯಾಳದಂತಹ ಬಹುಭಾಷಿಕ ಸೀಮೆಯ ಹೆಸರುಗಳನ್ನು ವ್ಯುತ್ಪತ್ತಿಯಿಂದ ಮಾತ್ರ ವಿವರಿಸಿದರೆ, ಆ ಹೆಸರಿಟ್ಟವರ ಆಶಯವೇ ಅಧ್ಯಯನದಿಂದ ಹೊರಗುಳಿಯುತ್ತದೆ.