ಎಚ್‌ಐವಿ ಸೋಂಕಿತರ ಉದ್ಯೋಗ ಹಕ್ಕು: 2017ರ ಕಾಯ್ದೆ

ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ: 20 ಏಪ್ರಿಲ್ 2017. ಜಾರಿ: 10 ಸೆಪ್ಟೆಂಬರ್ 2018.

• ಹಿನ್ನೆಲೆ: ಕೆಲಸ ಮಾಡಲು ಶಕ್ತನಾದ ಸೋಂಕಿತನಿಗೆ ಸೋಂಕಿನ ಕಾರಣಕ್ಕಷ್ಟೇ ಉದ್ಯೋಗ ನಿರಾಕರಿಸುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 1997ರಲ್ಲೇ ತೀರ್ಪಿತ್ತಿತ್ತು.

• ಸೆಕ್ಷನ್ 3: ಉದ್ಯೋಗದಲ್ಲಿ ತಾರತಮ್ಯ ನಿಷಿದ್ಧ; ನೇಮಕಾತಿಗೆ ಎಚ್‌ಐವಿ ಪರೀಕ್ಷೆಯ ಷರತ್ತು ಹಾಕುವಂತಿಲ್ಲ.

• ಸೆಕ್ಷನ್ 8: ನ್ಯಾಯಾಲಯದ ಆದೇಶವಿಲ್ಲದೆ ಸೋಂಕಿನ ಸ್ಥಿತಿ ಬಹಿರಂಗಪಡಿಸುವಂತೆ ಒತ್ತಾಯಿಸುವಂತಿಲ್ಲ. ಉದಾ: ಅರ್ಜಿಯಲ್ಲಿ ‘ಎಚ್‌ಐವಿ ಇದೆಯೇ?’ ಎಂಬ ಕಾಲಂ ಇದ್ದರೂ ಅಭ್ಯರ್ಥಿ ಉತ್ತರಿಸಬೇಕಿಲ್ಲ.

• ಸೆಕ್ಷನ್ 21: 100 ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ದೂರು ಅಧಿಕಾರಿ ಕಡ್ಡಾಯ, ಆರೋಗ್ಯ ಸಂಸ್ಥೆಗಳಿಗೆ ಈ ಮಿತಿ 20.

• ಒಂಬುಡ್ಸ್‌ಮನ್ (ಕಾಯ್ದೆ ಉಲ್ಲಂಘನೆಯ ದೂರು ವಿಚಾರಿಸುವವರು): ನೇಮಕ ರಾಜ್ಯ ಸರ್ಕಾರದ್ದು. ಆದೇಶ ದೂರು ಬಂದ 30 ದಿನಗಳೊಳಗೆ, ವೈದ್ಯಕೀಯ ತುರ್ತಿದ್ದರೆ ಆದಷ್ಟು ಮಟ್ಟಿಗೆ 24 ಗಂಟೆಗಳೊಳಗೆ.

ನೆನಪಿಡಿ: ಅಂಕಿತದ ವರ್ಷ, ಜಾರಿಯ ವರ್ಷ ಬೇರೆ ಬೇರೆ.