ಫೆಡರಲ್ ಕೋರ್ಟಿನ ಬಾಗಿಲು ತಟ್ಟುವ ಮುನ್ನ: ತೆರವು ಮೊಕದ್ದಮೆಗಳಿಂದ ಕಲಿತದ್ದು

ಲಾಸ್ ಏಂಜಲೀಸ್‌ನಲ್ಲಿ ಬಾಡಿಗೆದಾರರ ಪರ ವಕಾಲತ್ತು ಮಾಡುತ್ತೇನೆ. ನನ್ನಲ್ಲಿಗೆ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಮನೆ ಖಾಲಿ ಮಾಡಿಸುವ ದಾವೆಯ ಸಮನ್ಸ್ ಇರುತ್ತದೆ. ಅದಕ್ಕೆ ಉತ್ತರ ಸಲ್ಲಿಸಲು ಕ್ಯಾಲಿಫೋರ್ನಿಯಾದಲ್ಲಿ ಬಹುಕಾಲ ಸಿಗುತ್ತಿದ್ದದ್ದು ಐದೇ ದಿನ. 2025ರಿಂದ ಕೋರ್ಟಿನ ರಜೆ ಬಿಟ್ಟು ಹತ್ತು ದಿನ. ಅಷ್ಟರೊಳಗೆ ಯಾರಾದರೂ ಅವರಿಗೆ ಹೇಳಿರುತ್ತಾರೆ: ‘ಕೇಸನ್ನು ಫೆಡರಲ್ ಕೋರ್ಟಿಗೆ ಎತ್ತಿಸಿಬಿಡಿ, ಎಲ್ಲ ನಿಂತುಹೋಗುತ್ತೆ.’ ರಾಜ್ಯದ ಕೋರ್ಟಿನಿಂದ ಹಾಗೆ ಎತ್ತಿಕೊಂಡು ಹೋಗುವುದಕ್ಕೆ ರಿಮೂವಲ್ ಎನ್ನುತ್ತಾರೆ. ವಕೀಲಿಕೆಯ ಆರಂಭದಲ್ಲಿ ನಾನೂ ಅದನ್ನು ನಂಬಿದ್ದೆ.

1. ಕಾನೂನು ಫೆಡರಲ್ ಆದ ಮಾತ್ರಕ್ಕೆ ಕೋರ್ಟೂ ಫೆಡರಲ್ ಆಗಬೇಕಿಲ್ಲ

ಒಬ್ಬ ತಾಯಿ ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳು ಬಾಡಿಗೆಗಿದ್ದ ಮನೆ, ಮಾಲೀಕ ಸಾಲದ ಕಂತು ಕಟ್ಟದೆ ಹರಾಜಾಗಿತ್ತು. ಇಂಥವರಿಗೆ ಕನಿಷ್ಠ 90 ದಿನಗಳ ನೋಟಿಸ್ ಕೊಡಬೇಕೆಂದು ಸಂಸತ್ತು 2009ರಲ್ಲಿ ಕಾಯ್ದೆ ಮಾಡಿದೆ. ಹೊಸ ಮಾಲೀಕ ಅಷ್ಟು ಕೊಟ್ಟಿರಲಿಲ್ಲ. ಫೆಡರಲ್ ಕಾಯ್ದೆಯೇ ಮುರಿದಿದೆ, ಇನ್ನೇನು ಬೇಕು ಎಂದುಕೊಂಡು ನಾನು ಕೇಸನ್ನು ಫೆಡರಲ್ ಜಿಲ್ಲಾ ಕೋರ್ಟಿಗೆ ಒಯ್ದೆ. ಎದುರು ಪಕ್ಷ ಕೇಳುವ ಮೊದಲೇ ನ್ಯಾಯಾಧೀಶರು ತಾವಾಗಿಯೇ ಅದನ್ನು ವಾಪಸ್ ಕಳಿಸಿದರು. ಫೆಡರಲ್ ಕೋರ್ಟಿಗೆ ವ್ಯಾಪ್ತಿ ಇದೆಯೇ ಎಂಬುದು ವಾದಿ ತನ್ನ ವಾದಪತ್ರದಲ್ಲಿ ಯಾವ ಹಕ್ಕು ಕೇಳಿದ್ದಾನೆ ಎನ್ನುವುದರ ಮೇಲೆ ನಿಂತಿರುತ್ತದೆ. ಅಲ್ಲಿದ್ದದ್ದು ಕ್ಯಾಲಿಫೋರ್ನಿಯಾದ ತೆರವು ಕಾನೂನು ಮಾತ್ರ. 90 ದಿನಗಳ ಮಾತು ನನ್ನ ಕಡೆಯ ಉತ್ತರ. ಉತ್ತರದಿಂದ ವ್ಯಾಪ್ತಿ ಹುಟ್ಟುವುದಿಲ್ಲ.

ನಷ್ಟವಾದದ್ದು ನನಗಲ್ಲ, ಆ ತಾಯಿಗೆ. ಶಾಲೆಯ ವರ್ಷ ಮುಗಿಯುವವರೆಗೆ ಇರಲು ಬಿಟ್ಟು, ಸಾಮಾನು ಸಾಗಿಸಲು ಹಣವನ್ನೂ ಕೊಡುತ್ತೇನೆಂದು ಮಾಲೀಕ ಮೊದಲು ಒಪ್ಪಿಕೊಂಡಿದ್ದ. ನಾನು ಕೇಸನ್ನು ಎಳೆದಾಡಿದ ಮೇಲೆ ಅವನು ಆ ಮಾತನ್ನು ಹಿಂತೆಗೆದುಕೊಂಡ. ಕೇಸು ಮರಳಿ ಬಂದಾಗ ಸಂಧಾನದ ಬಾಗಿಲು ಮುಚ್ಚಿತ್ತು. ವರ್ಷದ ನಡುವೆ ಮಕ್ಕಳು ಶಾಲೆ ಬದಲಿಸಬೇಕಾಯಿತು. 90 ದಿನಗಳ ವಾದ ಸರಿಯಾದದ್ದೇ, ಅದನ್ನು ಮೊದಲ ದಿನವೇ ರಾಜ್ಯ ಕೋರ್ಟಿನ ಮುಂದಿಡಬೇಕಿತ್ತು. ಆ ಕಾಯ್ದೆ 2014ರ ಕೊನೆಗೆ ಮುಗಿದು, 2018ರಲ್ಲಿ ಕಾಯಂ ಆಗಿ ಮರಳಿದೆ. ಅದರಡಿ ಬಾಡಿಗೆದಾರ ತಾನೇ ದಾವೆ ಹೂಡುವಂತಿಲ್ಲ ಎಂದು ಒಂಬತ್ತನೇ ಸರ್ಕ್ಯೂಟ್‌ನ ಮೇಲ್ಮನವಿ ಕೋರ್ಟು 2013ರ ಲೋಗನ್ ತೀರ್ಪಿನಲ್ಲಿ ಹೇಳಿತು. ಹಾಗಾಗಿ ಅದು ನೆರವಿಗೆ ಬರುವ ಜಾಗ ತೆರವು ದಾವೆಯ ಉತ್ತರವೇ.

2. ಮಾಟ್ಲಿ ದಂಪತಿಯ ಕೇಸನ್ನು ನಿಧಾನವಾಗಿ ಓದಬೇಕು

ಕಾನೂನು ಕಾಲೇಜಿನಲ್ಲಿ ಇದನ್ನು ಪರೀಕ್ಷೆಗೆ ಓದಿ ಮರೆತಿದ್ದೆ. 1871ರ ರೈಲು ಅಪಘಾತದಲ್ಲಿ ಗಾಯಗೊಂಡ ಈ ದಂಪತಿಗೆ ರೈಲು ಕಂಪನಿ ಪರಿಹಾರವಾಗಿ ಜೀವನಪರ್ಯಂತ ಉಚಿತ ಪಾಸು ಕೊಟ್ಟಿತ್ತು. 1906ರಲ್ಲಿ ಸಂಸತ್ತು ಉಚಿತ ಪಾಸುಗಳನ್ನು ನಿಷೇಧಿಸಿತು. ಕಂಪನಿ ಪಾಸು ನಿಲ್ಲಿಸಿತು. ದಂಪತಿ ಫೆಡರಲ್ ಕೋರ್ಟಿಗೆ ಹೋದರು. ಕಂಪನಿ ಆ ಕಾಯ್ದೆಯ ನೆಪ ಹೇಳುತ್ತದೆ, ಆದರೆ ಅದು ನಮಗೆ ಅನ್ವಯಿಸದು ಎಂಬುದು ಅವರ ವಾದ. ಎರಡೂ ಪಕ್ಷ ಕೇಳದಿದ್ದರೂ ಸುಪ್ರೀಂ ಕೋರ್ಟು 1908ರಲ್ಲಿ ವ್ಯಾಪ್ತಿಯ ಪ್ರಶ್ನೆಯನ್ನು ತಾನೇ ಎತ್ತಿ, ಇದು ಫೆಡರಲ್ ಕೋರ್ಟಿನ ಕೇಸಲ್ಲ ಎಂದಿತು. ಅವರು ಕೆಂಟಕಿಯ ರಾಜ್ಯ ಕೋರ್ಟಿನಲ್ಲಿ ಮತ್ತೆ ಹೂಡಿದರು. ಅದೇ ಪ್ರಶ್ನೆ 1911ರಲ್ಲಿ ಸುಪ್ರೀಂ ಕೋರ್ಟಿಗೆ ಬಂದು ಇತ್ಯರ್ಥವಾಯಿತು. ಅವರು ಸೋತರು, ನಿಜ. ಆದರೆ ಫೆಡರಲ್ ಪ್ರಶ್ನೆಯೊಂದು ರಾಜ್ಯ ಕೋರ್ಟಿನ ದಾರಿಯಲ್ಲೇ ದೇಶದ ಅತಿ ಎತ್ತರದ ಪೀಠಕ್ಕೆ ತಲುಪಬಲ್ಲದು ಎಂಬುದು ನನ್ನ ಭಯವನ್ನು ಕಳೆಯಿತು.

3. ಪ್ರತಿದಾವೆ ಹಾಕಿದರೂ ಅದೇ ಉತ್ತರ

ಜನಾಂಗದ ಕಾರಣಕ್ಕೆ ತಾರತಮ್ಯ ಮಾಡಿದ ಮಾಲೀಕನ ಮೇಲೆ ಫೆಡರಲ್ ವಸತಿ ಕಾನೂನಿನಡಿ ಪ್ರತಿದಾವೆ ಹಾಕಿದರೆ? ಅದೂ ಸಾಲದು, 2009ರ ವೇಡನ್ ತೀರ್ಪು ಇದನ್ನು ಸ್ಪಷ್ಟಪಡಿಸಿದೆ. ನಾಗರಿಕ ಹಕ್ಕುಗಳಿಗೆಂದು ಪ್ರತ್ಯೇಕ ರಿಮೂವಲ್ ಕಲಮು ಇದೆ, ಆದರೆ ಸುಪ್ರೀಂ ಕೋರ್ಟು 1966ರಲ್ಲೇ ಅದನ್ನು ಬಹಳ ಕಿರಿದು ಮಾಡಿಟ್ಟಿದೆ.

4. ‘ನಾನು ಇಂಡಿಯನ್ ಸಿಟಿಜನ್ ಅಲ್ವಾ?’

ಎಚ್-1ಬಿ ವೀಸಾದಲ್ಲಿರುವ ಕನ್ನಡಿಗರೊಬ್ಬರು ಹೀಗೆ ಕೇಳಿದರು. ಪ್ರಶ್ನೆ ದಡ್ಡತನದ್ದಲ್ಲ. ವಿದೇಶಿ ಪ್ರಜೆಗೂ ರಾಜ್ಯದ ಪ್ರಜೆಗೂ ನಡುವಿನ ವ್ಯಾಜ್ಯ ಫೆಡರಲ್ ಕೋರ್ಟಿಗೆ ಬರಬಹುದು. ತವರು ರಾಜ್ಯದಲ್ಲೇ ದಾವೆಗೆ ಗುರಿಯಾದ ಅಮೆರಿಕನ್ ಪ್ರಜೆಗೆ ಇರುವ ಅಡ್ಡಿಯೂ ಅವರಿಗಿಲ್ಲ. ಗ್ರೀನ್ ಕಾರ್ಡ್ ಪಡೆದು, ಎದುರಾಳಿಯ ರಾಜ್ಯದಲ್ಲೇ ನೆಲೆ ನಿಂತಿದ್ದರೆ ಮಾತ್ರ ಈ ದಾರಿ ಮುಚ್ಚುತ್ತದೆ. ಆದರೆ ವ್ಯಾಜ್ಯದ ಮೊತ್ತ 75,000 ಡಾಲರ್ ದಾಟಬೇಕು. ತೆರವು ದಾವೆಯಲ್ಲಿ ಲೆಕ್ಕಕ್ಕೆ ಬರುವುದು ಬಾಕಿ ಬಾಡಿಗೆಯೂ ಉಳಿದುಕೊಂಡ ದಿನಗಳ ನಷ್ಟವೂ, ಮನೆಯ ಬೆಲೆಯಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇವು ಹೆಚ್ಚಾಗಿ ಸೀಮಿತ ಮೊತ್ತದ ಕೇಸುಗಳಾಗಿ ದಾಖಲಾಗುತ್ತವೆ. 2024ರಿಂದ ಅದರ ಮಿತಿ 35,000 ಡಾಲರ್. ವಾದಪತ್ರದ ಮೊದಲ ಪುಟದಲ್ಲೇ ಉತ್ತರ ಇರುತ್ತದೆ. ನಾನೀಗ ಮೊದಲು ನೋಡುವುದು ಅದನ್ನೇ.

5. ತಡೆ ಸಿಗುವುದು ನಿಜ, ಅದರ ಬೆಲೆಯನ್ನೂ ಹೇಳಬೇಕು

ರಿಮೂವಲ್ ನೋಟಿಸಿನ ಪ್ರತಿ ರಾಜ್ಯ ಕೋರ್ಟಿಗೆ ಸಲ್ಲಿಕೆಯಾದ ಕ್ಷಣದಿಂದ, ಕೇಸು ವಾಪಸಾಗುವವರೆಗೆ ಆ ಕೋರ್ಟು ಮುಂದುವರಿಯುವಂತಿಲ್ಲ. ಆ ನಡುವೆ ಹೊರಡಿಸಿದ ಆದೇಶಗಳು ಅಸಿಂಧು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಯಾನ್ ಹುವಾನ್ ಆರ್ಚ್‌ಡಯಾಸಿಸ್ ಕೇಸಿನಲ್ಲಿ ಹೇಳಿತು. ಇಷ್ಟನ್ನು ಕೇಳಿದವರಿಗೆ ಆಸೆ ಹುಟ್ಟುವುದು ಸಹಜ. ಬೀದಿಗೆ ಬೀಳುವ ಭಯದಲ್ಲಿರುವವರು ಎರಡು ವಾರಕ್ಕಾಗಿ ಹಂಬಲಿಸಿದರೆ ನಾನು ಅವರನ್ನು ದೂರುವುದಿಲ್ಲ. ಆದರೆ ಸಕಾರಣವಿಲ್ಲದೆ ಎತ್ತಿಕೊಂಡು ಹೋದರೆ ಎದುರು ಪಕ್ಷದ ವಕೀಲರ ಶುಲ್ಕವನ್ನೂ ಕಟ್ಟಿಸಬಹುದು. ಅದರ ಅಳತೆಗೋಲು 2005ರ ಮಾರ್ಟಿನ್ ತೀರ್ಪಿನಲ್ಲಿದೆ. ವಾಪಸ್ ಆದೇಶದ ಮೇಲೆ ಸಾಮಾನ್ಯವಾಗಿ ಮೇಲ್ಮನವಿ ಇಲ್ಲ. ಬಾಡಿಗೆ ಬಾಕಿ ಇರುವವರ ತಲೆಯ ಮೇಲೆ ಇನ್ನೊಂದು ಸಾಲ ಹೊರಿಸುವ ಈ ಸಾಧ್ಯತೆಯನ್ನು ಮೊದಲ ಭೇಟಿಯಲ್ಲೇ ಹೇಳಬೇಕು. ಆ ತಾಯಿಗೆ ನಾನು ಹೇಳಿರಲಿಲ್ಲ.

6. ಉತ್ತರದಲ್ಲೇ ಎಲ್ಲವನ್ನೂ ಬರೆಯಬೇಕು

ವಿಚಾರಣೆಗೆ ದಿನ ಕೇಳಿದ 20 ದಿನಗಳೊಳಗೆ ತೆರವು ಕೇಸು ವಿಚಾರಣೆಗೆ ಬರಬೇಕೆಂಬುದು ಇಲ್ಲಿನ ನಿಯಮ. ಆ ಓಟದಲ್ಲಿ ಬಾಡಿಗೆದಾರರ ಕೈಯಲ್ಲಿರುವುದು ಲಿಖಿತ ಉತ್ತರ. ಮನೆ ವಾಸಯೋಗ್ಯವಾಗಿರದಿದ್ದರೆ ಅದೂ ಬಾಡಿಗೆ ಬಾಕಿಯ ದಾವೆಗೆ ಉತ್ತರವೇ ಎಂದು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು 1974ರ ಗ್ರೀನ್ ತೀರ್ಪಿನಲ್ಲಿ ಒಪ್ಪಿದೆ. ಕಟ್ಟಡದ ಮೇಲೆ ಫೆಡರಲ್ ಬೆಂಬಲದ ಸಾಲವಿದ್ದರೆ 2020ರ ಕೇರ್ಸ್ ಕಾಯ್ದೆಯ 30 ದಿನಗಳ ನೋಟಿಸಿನ ವಾದವೂ ಇಲ್ಲಿಯೇ ಬರಬೇಕು. ಅದಕ್ಕೇ ಈಗ ಸಮನ್ಸ್ ಹಿಡಿದು ಬಂದವರಿಗೆ ಅಂದೇ ಹೇಳುತ್ತೇನೆ: ಬಾಡಿಗೆ ಕರಾರು ತನ್ನಿ, ಮಾಲೀಕ ಕೊಟ್ಟ ನೋಟಿಸ್ ತನ್ನಿ, ಸೋರುವ ನಲ್ಲಿಯ, ಬೂಷ್ಟು ಹಿಡಿದ ಗೋಡೆಯ ಫೋಟೋ ತನ್ನಿ, ರಿಪೇರಿ ಕೇಳಿ ಕಳಿಸಿದ ಮೆಸೇಜುಗಳನ್ನು ಅಳಿಸಬೇಡಿ. ಮಾಲೀಕ ಸಂಧಾನದ ಮಾತಾಡಿದ್ದರೆ ಅವನು ಹೇಳಿದ್ದನ್ನು ಹೇಳಿದಂತೆಯೇ ಬರೆದು ತನ್ನಿ.